ಮಸೂದನ ಬಲಗಾಲು

ನೆಗೆಟಿವ್‌ನ ಅಂಚನ್ನು ಕೆಳತುಟಿಗೆ ತಾಗಿಸಿ ಯಾವ ಮೈ ಅಂಟುತ್ತದೆ ಎಂದು ಹನಿಯಾ ನೋಡುತ್ತಿದ್ದಾಗಲೇ ಹೊರಗಿನಿಂದ ಪಕ್ಕದ ಮನೆಯ ತಾಮೂಳ ಕೂಗು ಬಂತು.

“ಹನಿಯಾ, ನಿನ್ನ ರೊಟ್ಟಿ ಹಿಟ್ಟು ಬೋಗುಣಿ ದಾಟಿ ಆಚೆ ಬಂದಿದೆ ಕಣೇ. ಇನ್ನೊಂದು ಗಳಿಗೆ ಬಿಟ್ರೆ ತಾನೇ ನಡ್ಕೊಂಡು ಒಲೆಗೆ ಹೋಗುತ್ತೆ.”

ತುಟಿಗೆ ಅಂಟುವ ಮಂಕು ಮೈ ಕೆಳಗಿರಬೇಕು, ಜಾರುವ ಹೊಳಪು ಮೈ ಮೇಲಿರಬೇಕು. ಅಪ್ಪ ಕಲಿಸಿದ ಮೊದಲ ಪಾಠ ಅದು. ಕೆಂಪು ದೀಪದ ಕತ್ತಲಲ್ಲಿ ಕಣ್ಣಿಗಿಂತ ತುಟಿಯೇ ನಂಬಿಗಸ್ತ. ಆದರೆ ತುಟಿಗೆ ಇನ್ನೊಂದು ಕೆಲಸವೂ ಇದೆಯಲ್ಲ. “ಬಂದೆ ಲಲ್ಲಾ ತಾಮೂ” ಎಂದು ಹಿರಿಯಳಿಗೆ ಮರ್ಯಾದೆಯಿಂದ ಓಗೊಡಲು ಅವಳು ಬಾಯಿ ತೆರೆದಳು. ನೆಗೆಟಿವ್ ಮಗುಚಿ ಅಂಗೈಗೆ ಬಿತ್ತು. ಬಿದ್ದದ್ದನ್ನು ಬಿದ್ದ ಹಾಗೇ ಚಿತ್ರ ಹಿಗ್ಗಿಸುವ ಯಂತ್ರಕ್ಕೆ ಸಿಕ್ಕಿಸಿ, ದೀಪ ಹಾಕಿ ಆರಿಸಿ, ಕಾಗದವನ್ನು ಮೊದಲ ತಟ್ಟೆಯ ಮದ್ದಿನ ನೀರಿಗೆ ಬಿಟ್ಟಳು.

ಆ ಕಾಗದ ದೊಡ್ಡದು, ಮನೆಯಲ್ಲಿ ಉಳಿದದ್ದು ಅದೊಂದೇ. ಸಂಜೆ, ಶಾಲೆಯ ಟೀಚರ್ ಹಯಾತ್, ಮೆಕ್ನೆಸ್ ಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಬಂದು ಒಂದು ಚಿತ್ರ ತೆಗೆದುಕೊಂಡು ಹೋಗುವವಳಿದ್ದಳು. ಅಲ್ಲಿನ ಪ್ರದರ್ಶನದಲ್ಲಿ ಹಳ್ಳಿಗಾಡಿನ ಕಪ್ಪು ಬಿಳುಪು ಚಿತ್ರಗಳನ್ನು ಗೋಡೆಗೆ ಹಾಕುತ್ತಾರಂತೆ. ಕೆಳಗೆ ತೆಗೆದವರ ಹೆಸರು ಬರೆಯುತ್ತಾರಂತೆ. ಆ ಎರಡನೆಯ ಮಾತು ಕೇಳಿದಂದಿನಿಂದ ಹನಿಯಾಳಿಗೆ ಸರಿಯಾಗಿ ನಿದ್ದೆ ಇಲ್ಲ. ಮದುವೆಗೆ ಮೊದಲು ಅಪ್ಪನ ಸ್ಟುಡಿಯೋದಲ್ಲಿ ಪರದೆಯ ಹಿಂದೆ ನಿಂತು ಅವಳು ತೊಳೆದು ತೆಗೆದ ಚಿತ್ರಗಳಿಗೆ ಲೆಕ್ಕವಿಲ್ಲ. ಮದುಮಕ್ಕಳು, ಹೊಸ ಟೋಪಿ ಹಾಕಿಕೊಂಡ ಮಕ್ಕಳು, ಹಜ್ ಯಾತ್ರೆಗೆ ಹೊರಟ ಮುದುಕರು. ಎಲ್ಲದರ ಬೆನ್ನಿಗೂ ‘ಸ್ಟುಡಿಯೋ ತಿಹಾಮಿ’ ಎಂಬ ಅಪ್ಪನ ಮೊಹರು. ಅಪ್ಪ ಹೋದ ಮೇಲೆ ಯಂತ್ರವನ್ನು ಗಂಡನ ಮನೆಗೆ ತಂದು, ಹುಲ್ಲು ತುಂಬುತ್ತಿದ್ದ ಕೋಣೆಯ ಕಿಟಕಿಗೆ ಕಂಬಳಿ ಹೊಡೆದು, ಬಿಡುವಾದಾಗ ಕುದುರೆಗಳದ್ದೂ ಮರಗಳದ್ದೂ ಚಿತ್ರ ಮಾಡುತ್ತಿದ್ದಳು. ಮನುಷ್ಯರಾದರೆ ಮೂಗು ದಪ್ಪ ಬಂತು ಎಂದು ಜಗಳಕ್ಕೆ ಬರುತ್ತಾರೆ. ಕುದುರೆ, ಮರಗಳಿಂದ ಯಾರಿಗೂ ತಂಟೆಯಿಲ್ಲ ಎಂದು ಅವಳು ತಿಳಿದಿದ್ದಳು.

ತಟ್ಟೆಯಲ್ಲಿ ಮೊದಲು ಮರ ಮೂಡಿತು, ಆಮೇಲೆ ಬೆಟ್ಟ, ಕಡೆಗೆ ಕುದುರೆ. ಕೆರೆಯಂಚಿನ ಆ ಮುದಿ ಆಲಿವ್ ಮರ ಬಲಕ್ಕೆ ವಾಲಬೇಕಿತ್ತು, ಎಡಕ್ಕೆ ವಾಲಿತ್ತು. ಬಲಕ್ಕೆ ಮುಖ ಮಾಡಿ ನಿಂತಿರಬೇಕಾದ ಕುದುರೆ ಎಡಕ್ಕೆ ನೋಡುತ್ತಿತ್ತು. ನೆಗೆಟಿವ್ ಮಗುಚಿಕೊಂಡಿತ್ತು.

ಹಾಳಾಯಿತು ಅಂದುಕೊಂಡಳು. ಆದರೆ ನೋಡುತ್ತಾ ನೋಡುತ್ತಾ ಹಾಗೆ ಅನ್ನಿಸಲಿಲ್ಲ. ಬಲದಿಂದ ಎಡಕ್ಕೆ ಓದುವವರ ನಾಡು ಅದು. ಬಲಕ್ಕೆ ತಿರುಗಿದ್ದೆಲ್ಲ ಹಿಂದಕ್ಕೆ ಹೊರಟ ಹಾಗೆ ಕಾಣುತ್ತದೆ, ಎಡಕ್ಕೆ ತಿರುಗಿದ್ದು ಮುಂದಕ್ಕೆ ಹೊರಟ ಹಾಗೆ. ಮನೆಯ ಮುದಿ ಕುದುರೆ ಮಸೂದ್, ಯಾವ ಕಾರಣಕ್ಕೂ ವರ್ಷಗಳಿಂದ ಹೆಜ್ಜೆ ಜೋರು ಮಾಡದ ಮಸೂದ್, ಈಗ ಎಲ್ಲಿಗೋ ಹೊರಟು ಒಂದು ಗಳಿಗೆ ನಿಂತವನಂತಿದ್ದ. ಹೊಟ್ಟೆಯ ಕೆಳಗಿನ ಬೆಳಕು ಮರದ ನೆರಳಿನವರೆಗೂ ಹರಿದಿತ್ತು. ಕಾಗದ ಬೇರೆ ಇನ್ನೊಂದಿಲ್ಲ. ಇರಲಿ, ಇದೇ ಚೆಂದ ಎಂದು ಅದನ್ನು ತೊಳೆದು, ಅಂಗಳದ ಹಗ್ಗಕ್ಕೆ ಗಂಡನ ಎರಡು ಷರಾಯಿಗಳ ನಡುವೆ ಕ್ಲಿಪ್ಪು ಹಾಕಿ ಒಣಗಲು ಬಿಟ್ಟು, ಹಿಟ್ಟು ತಟ್ಟಲು ಕೂತಳು.

ತಾಮೂ ಗೋಡೆಯ ಮೇಲಿಂದ ಇಣುಕಿದಳು. ಅವಳ ಕತ್ತು ಗೋಡೆಯ ಮೇಲಿರುವುದು ಆ ಮನೆಗೆ ಒಂದು ಹೂಕುಂಡ ಇದ್ದಷ್ಟೇ ಸಹಜ. ಆದರೆ ಇವತ್ತು ಆ ಕತ್ತು ಇಳಿಯಲಿಲ್ಲ.

“ತಬಾರಕಲ್ಲಾ” ಎಂದಳು, ದೃಷ್ಟಿ ತಾಗದಿರಲೆಂದು, ಬಲು ಮೆಲ್ಲಗೆ. “ಬಲಗಾಲು ಬರಿಗಾಲು.”

ಹನಿಯಾಳ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಮುಖ ನೋಡಿದ್ದಳು, ಮರ ನೋಡಿದ್ದಳು, ಬೆಳಕು ನೋಡಿದ್ದಳು. ಕಾಲು ನೋಡಿರಲಿಲ್ಲ.

ಆ ಊರಲ್ಲಿ ಕುದುರೆಯ ಮುಖವನ್ನು ಕಡೆಗೆ ನೋಡುತ್ತಾರೆ, ಮೊದಲು ಕಾಲು. ಮೂರು ಕಾಲಿಗೆ ಕಾಲುಚೀಲ ತೊಟ್ಟ ಹಾಗೆ ಬಿಳಿ ಬಣ್ಣ, ಮುಂದಿನ ಬಲಗಾಲು ಬರಿಗಾಲು, ಅಂಥ ಕುದುರೆ ಹೊಕ್ಕ ಮನೆ ಹಾಲುತುಪ್ಪ ಎಂದು ಹಿರಿಯರ ಮಾತು. ಅದೇ ಬರಿಗಾಲು ಎಡದ್ದಾಯಿತೋ, ಬಂದ ಭಾಗ್ಯವೂ ಹೊಸ್ತಿಲಲ್ಲಿ ಮುಗ್ಗರಿಸುತ್ತದೆ. ಮಸೂದನದು ಎಡಗಾಲು. ಹನ್ನೆರಡು ವರ್ಷಗಳಿಂದ ಆ ಎಡಗಾಲೇ ಅವಳ ಗಂಡ ಬೂಶ್ತಾನ ಬಾಳಿನ ಗೋಳು.

ಬೆಟ್ಟದಾಚೆಯ ವ್ಯಾಪಾರಿ ಹಮ್ಮಾದಿ ಸಂತೆಯಲ್ಲಿ ಒಂದು ಫೋಟೋ ತೋರಿಸಿದ್ದ. ಅದರಲ್ಲಿದ್ದ ಕುದುರೆಯ ಬಲಗಾಲು ಬರಿದಾಗಿತ್ತು. ಬೂಶ್ತಾ ಅಲ್ಲೇ ಕೈಗೆ ಕೈ ಕೊಟ್ಟ, ಇಬ್ಬರೂ ಅಂಗೈಯೆತ್ತಿ ಫಾತಿಹಾ ಪ್ರಾರ್ಥನೆ ಓದಿದರು, ಮಾತು ಮುಗಿಯಿತು. ಸಂಜೆ ಕುದುರೆ ಬಂತು, ಮಂಡಿವರೆಗೂ ಕೆಸರು. ಮಾರನೆಯ ಬೆಳಿಗ್ಗೆ ಕಾಲು ತೊಳೆದರೆ ಬರಿಗಾಲು ಎಡದ್ದು. ಫಾತಿಹಾ ಓದಿದ ವ್ಯಾಪಾರ ಮುರಿಯುವಂತಿಲ್ಲ. “ಬೇರೆ ಕುದುರೆ ತೋರಿಸಿ ಇದನ್ನ ತಲೆಗೆ ಕಟ್ಟಿದ” ಎಂದು ಬೂಶ್ತಾ ಹಮ್ಮಾದಿಯ ಜೊತೆ ಮಾತು ಬಿಟ್ಟ. ಫೋಟೋವನ್ನು ಬಟ್ಟೆಯಲ್ಲಿ ಸುತ್ತಿ, ಹೊಲಿದು, ಟೀ ಡಬ್ಬಿಯೊಳಗಿಟ್ಟ. ಹೆಂಡತಿಗೂ ತೋರಿಸಿರಲಿಲ್ಲ. “ಅದನ್ನ ಬಿಚ್ಚೋದು ಪರಲೋಕದಲ್ಲಿ, ಹಮ್ಮಾದಿ ಎದುರಿಗೆ” ಅನ್ನುತ್ತಿದ್ದ. ಆ ವರ್ಷ ಆಲಿಕಲ್ಲು ಬಿತ್ತು, ಬಾವಿಯ ಒಂದು ಪಕ್ಕ ಕುಸಿಯಿತು, ಬೂಶ್ತಾ ಏಣಿಯಿಂದ ಬಿದ್ದ. ಎಲ್ಲ ಎಡಗಾಲಿನ ಖಾತೆಗೇ. ಹಬ್ಬದಲ್ಲಿ ಸಾಲಾಗಿ ಕುದುರೆ ಓಡಿಸಿ ಒಟ್ಟಿಗೆ ಬಂದೂಕು ಹಾರಿಸುವ ಊರ ಸವಾರರ ತಂಡ ಅವನನ್ನು ಹತ್ತಿರಕ್ಕೂ ಸೇರಿಸಲಿಲ್ಲ.

ಒಂದು ಮಾತು ಮಾತ್ರ ಊರಿಗೆಲ್ಲ ನಗೆ. ಫೋಟೋ ಹೊಲಿದಿಡುವ ಮೊದಲು, ಅದರ ಬೆನ್ನ ಮೊಹರು ನೋಡಿ, ಅದರಲ್ಲಿದ್ದ ಆ ಇನ್ನೊಂದು ಕುದುರೆಯನ್ನು ಹುಡುಕಿಕೊಂಡು ಬೂಶ್ತಾ ಸ್ಟುಡಿಯೋ ತಿಹಾಮಿಗೆ ಹೋಗಿದ್ದ. “ಈ ಕುದುರೆ ಯಾರದು?” ಎಂದು ಕೇಳಿದ್ದಕ್ಕೆ ಸೀದಿ ತಿಹಾಮಿ, “ನಮ್ಮಲ್ಲಿ ಫೋಟೋ ತೆಗೆಸ್ಕೊಂಡ ಕುದುರೆಗಳು ವಿಳಾಸ ಕೊಟ್ಟು ಹೋಗಲ್ಲಪ್ಪ” ಎಂದಿದ್ದರು. ಪರದೆಯ ಹಿಂದೆ ಯಾರೋ ನಕ್ಕರು. ಮುಂದಿನ ಸಂತೆಗೆ ಬೂಶ್ತಾ ಮತ್ತೆ ಹೋದ, ಅದರ ಮುಂದಿನ ಸಂತೆಗೂ. ಕುದುರೆ ಹುಡುಕಿ ಹೋದವನು ಮಗಳನ್ನು ಕಟ್ಟಿಕೊಂಡು ಬಂದ.

“ಅಯ್ಯೋ ಲಲ್ಲಾ ತಾಮೂ, ಅದು ನಮ್ಮ ಮಸೂದನೇ” ಎಂದಳು ಹನಿಯಾ. “ನೆಗೆಟಿವ್ ಮಗುಚಿ ಬಿದ್ದಿದೆ, ಅಷ್ಟೆ. ಎಡ ಹೋಗಿ ಬಲ ಆಗಿದೆ.”

ತಾಮೂ ಒಂದು ಕಣ್ಣು ಕಿರಿದು ಮಾಡಿದಳು. “ಹೌದು ಹೌದು. ನಾನೂ ಕನ್ನಡಿ ಮಗುಚಿದರೆ ಹದಿನಾರರ ಹುಡುಗಿ ಆಗ್ತೀನಿ. ಬಿಡು ತಂಗಿ, ನಾನೇನು ಕೇಳಿದ್ನಾ? ಒಳ್ಳೇದನ್ನ ಮುಚ್ಚಿಡಬೇಕು. ನನ್ನ ಬಾಯಿ ಬಾವಿ ಇದ್ದ ಹಾಗೆ, ಬಿದ್ದದ್ದು ಮೇಲೆ ಬರಲ್ಲ.”

ಒಳ್ಳೆಯ ಕುದುರೆ ಇದ್ದವರು ಇದೆ ಅನ್ನುವುದು ಆ ಊರ ರೂಢಿಯಲ್ಲ. ದೃಷ್ಟಿಯಾಗುತ್ತದೆ. ಕುಂಟು ಅನ್ನುತ್ತಾರೆ, ಕೆಮ್ಮು ಅನ್ನುತ್ತಾರೆ, ಕುದುರೆಯೇ ಇಲ್ಲ ಅನ್ನುತ್ತಾರೆ. ಹಾಗಾಗಿ ‘ಇಲ್ಲ’ ಅಂದವನ ಲಾಯದಲ್ಲಿ ಏನೋ ಇದೆ ಎಂದೇ ಅರ್ಥ. ಹನಿಯಾ ಇಲ್ಲ ಎಂದುಬಿಟ್ಟಿದ್ದಳು.

ತಾಮೂಳ ಬಾವಿ ರೊಟ್ಟಿ ಬೇಯುವುದರೊಳಗೆ ಉಕ್ಕಿತು. ಮೊದಲು ಎದುರು ಮನೆಯವಳು ಉಪ್ಪು ಕೇಳಲು ಬಂದು ಹಗ್ಗ ನೋಡಿಕೊಂಡು ಹೋದಳು. ಉಪ್ಪು ಮರೆತಳು. ಆಮೇಲೆ ತಾಮೂಳೇ ನೀಲಿ ಕಾಗದ ಸುತ್ತಿದ ಸಕ್ಕರೆ ಗೋಪುರ ಹಿಡಿದು, ಮದುವೆ ಮನೆಗೆ ಬಂದ ಹಾಗೆ ಮುಂಬಾಗಿಲಿಂದ ಬಂದಳು. ಅವಳ ಹಿಂದೆ ಇನ್ನಿಬ್ಬರು, ಅವರ ಕೈಯಲ್ಲೂ ಸಕ್ಕರೆ. ಒಬ್ಬಾಕೆ ಕೆಂಡದ ಮೇಲೆ ಲೋಬಾನ ಹಾಕಿ ಅಂಗಳಕ್ಕೆಲ್ಲ ಹೊಗೆ ಹಿಡಿದಳು. ಹೊಗೆ ಚಿತ್ರದ ಮೇಲೆ ಕೂರುತ್ತದೆಂದು ಹನಿಯಾ ಅದನ್ನು ಬಿಚ್ಚಿ ಒಳಗಿಡಲು ಹೋದರೆ, “ನೋಡಿದ್ರಾ, ಬಚ್ಚಿಡ್ತಾಳೆ” ಎಂದು ಮೂವರೂ ಮೆಚ್ಚಿ ತಲೆದೂಗಿದರು.

ಹೊಲದಿಂದ ಬೂಶ್ತಾ ಬರುವಷ್ಟರಲ್ಲಿ ದಾರಿಯಲ್ಲಿ ಐದಾರು ಜನ ಅವನ ಭುಜ ತಟ್ಟಿದ್ದರು. ಯಾವತ್ತೂ ಬರೀ ಬೂಶ್ತಾ ಆಗಿದ್ದವನು ಇವತ್ತು ಸೀದಿ ಬೂಶ್ತಾ ಆಗಿದ್ದ. ಹೆಂಡತಿಯನ್ನು ಮೂಲೆಗೆ ಕರೆದು ಕೇಳಿದ.

“ಏನು ಮಾಡಿದೀನಿ ನಾನು? ಕ್ಷೌರದವನು ದುಡ್ಡು ಬೇಡ ಅಂದ.”

ಅವಳು ಹೇಳಿದಳು. ಅವನು ಚಿತ್ರ ನೋಡಿದ, ಲಾಯದಲ್ಲಿ ಹುಲ್ಲು ಅಗಿಯುತ್ತಿದ್ದ ಮಸೂದನನ್ನು ನೋಡಿದ, ಮತ್ತೆ ಚಿತ್ರ ನೋಡಿದ. ಮುಖದಲ್ಲಿ ಏನೋ ಹಾದುಹೋಯಿತು.

“ಇಲ್ಲ ಅಂತ ಹೇಳಿಬಿಡೋಣ” ಎಂದಳು.

“ಹೇಳ್ತೀನಿ” ಎಂದು ಬೂಶ್ತಾ ಬಾಗಿಲ ಮುಂದೆ ಸೇರಿದ್ದ ಗಂಡಸರ ಹತ್ತಿರ ಹೋದ. “ಅಣ್ಣಂದಿರಾ, ದೇವರಾಣೆ, ನನ್ನ ಹತ್ರ ಅಂಥ ಕುದುರೆ ಇಲ್ಲ” ಎಂದ. ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಆಣೆ ಬೇರೆ ಇಟ್ಟನಲ್ಲ, ಹಾಗಾದರೆ ಭಾರಿ ಕುದುರೆಯೇ ಇರಬೇಕು. ಎರಡನೆಯ ಸಲ ಇಲ್ಲ ಅನ್ನುವಾಗ ಬೂಶ್ತಾನ ದನಿ ಕುಗ್ಗಿತ್ತು. ಮೂರನೆಯ ಸಲ ಮೀಸೆ ತಿರುವಿಕೊಂಡು ಅಂದ. ಇಲ್ಲ ಅನ್ನುವುದರಲ್ಲೂ ಒಂದು ಸುಖ ಇದೆ ಎಂದು ಅವನಿಗೆ ಅಂದೇ ಗೊತ್ತಾದದ್ದು.

ನಡುಹಗಲಿಗೆ ಬೆನೈಸಾ ಬಂದ. ಸವಾರರ ತಂಡದ ಮುಖಂಡ. ಅವನು ನಡೆದು ಬಂದರೂ ಕುದುರೆ ಮೇಲಿಂದ ಮಾತಾಡಿದ ಹಾಗೇ ಇರುತ್ತಿತ್ತು.

“ಸಾಲಿನಲ್ಲಿ ಒಂದು ಜಾಗ ಖಾಲಿ ಇದೆ ಬೂಶ್ತಾ. ಕುದುರೆ ತೋರಿಸು.”

ಬೂಶ್ತಾ ಹನ್ನೆರಡು ವರ್ಷ ಕಾದ ಮಾತು. ಹೋಗಿ ಮಸೂದನನ್ನು ಹಿಡಿದು ತಂದ. ಮಸೂದ್ ಅಂಗಳದ ನಡುವೆ ನಿಂತು, ಎಲ್ಲರನ್ನೂ ಒಮ್ಮೆ ನೋಡಿ, ಹಗ್ಗದ ಮೇಲಿದ್ದ ಷರಾಯಿಯ ಅಂಚನ್ನು ಬಾಯಿಗೆ ಹಾಕಿಕೊಂಡ.

ಬೆನೈಸಾ ಬಹಳ ಹೊತ್ತು ನಕ್ಕ. “ಭೇಷ್. ಬಾಗಿಲಲ್ಲಿ ಮುದಿ ನಾಯಿ ಕಟ್ಟಿ ಒಳಗೆ ಹುಲಿ ಸಾಕೋನು ನೀನು. ಚಿತ್ರ ಎಲ್ಲಿ, ಕೊಡಮ್ಮ.”

ಹನಿಯಾ ಚಿತ್ರವನ್ನು ಅಂಚಿನಲ್ಲಿ ಹಿಡಿದು ತಂದಳು. “ಸೀದಿ ಬೆನೈಸಾ, ಇನ್ನೂ ಪೂರ್ತಿ ಒಣಗಿಲ್ಲ, ಸಂಜೆ ಮೆಕ್ನೆಸ್‌ಗೆ ಹೋಗೋದು ಇದು. ಕುದುರೆ ಇದೇ. ಮಗುಚಿ ಬಂದಿದೆ.”

ಬೆನೈಸಾ ಅವಳ ಮಾತು ಕೇಳಲಿಲ್ಲ. ಚಿತ್ರವನ್ನು ತೋಳುದ್ದ ಹಿಡಿದು ಕಾಲು ನೋಡಿ ತಬಾರಕಲ್ಲಾ ಎಂದ. ಆಮೇಲೆ ಮರ ನೋಡಿದ. ಹುಬ್ಬು ಗಂಟಾಯಿತು.

“ಇದು ಯಾರ ಮನೆ ಆಲಿವ್? ನಾನು ಕೊಯ್ಲಿಗೆ ಹೋಗದ ಮರ ಈ ಸೀಮೆಯಲ್ಲಿ ಒಂದೂ ಇಲ್ಲ. ಇದನ್ನ ಕಂಡಿಲ್ಲ.”

ಚಿತ್ರ ಕೈಯಿಂದ ಕೈಗೆ ಹೋಯಿತು. ಯಾರೂ ಗುರುತು ಹಿಡಿಯಲಿಲ್ಲ. ಅವರೆಲ್ಲ ಆ ಮರದ ಕೆಳಗೆ ಬುತ್ತಿ ಬಿಚ್ಚಿದವರೇ. ಹೆಬ್ಬೆರಳುಗಳು ಒದ್ದೆ ಬೆಳಕಿನ ಮೇಲೆ ಒಂದೊಂದಾಗಿ ಕೂರುವುದನ್ನು ಹನಿಯಾ ನೋಡುತ್ತಾ ನಿಂತಳು.

“ನಮ್ಮ ಕಡೆ ಮರ ಪೂರ್ವಕ್ಕಲ್ವಾ ವಾಲೋದು, ಕಡಲ ಗಾಳಿಗೆ?” ಎಂದ ಒಬ್ಬ. “ಇದು ಆ ಕಡೆ ವಾಲಿದೆ.”

“ಬೆಟ್ಟ ನೋಡ್ರೋ” ಎಂದ ಬೆನೈಸಾ, ಗುಪ್ತ ನಿಧಿ ಸಿಕ್ಕವನ ದನಿಯಲ್ಲಿ. “ಗಿಡ್ಡ ಕೋಡು ಎಡಕ್ಕಿದೆ, ಉದ್ದದ್ದು ಬಲಕ್ಕಿದೆ. ಬೆಟ್ಟ ಹೀಗೆ ಕಾಣೋದು ಎಲ್ಲಿಂದ? ಆ ಕಡೆಯಿಂದ. ಕುದುರೆ ಬೆಟ್ಟದಾಚೆ ಕಟ್ಟಿದಾನೆ.”

ಹನಿಯಾಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅವಳ ಚಿತ್ರವನ್ನು ಇಷ್ಟು ಹೊತ್ತು, ಇಷ್ಟು ಜನ, ಮರ, ಬೆಟ್ಟ, ನೆರಳು ಎಂದು ಅಂಗುಲ ಅಂಗುಲ ನೋಡಿದ್ದು ಅದೇ ಮೊದಲು.

“ಆಚೆ ಅಂದ್ರೆ ಹಮ್ಮಾದಿ ಇರೋ ಕಡೆ” ಎಂದು ಯಾರೋ ಅಂದರು.

“ಅವನ ಲಾಯದಿಂದಲೇ ಶುರು ಮಾಡೋಣ” ಎಂದ ಬೆನೈಸಾ. ಚಿತ್ರವನ್ನು ಎರಡಾಗಿ ಮಡಚಿದ. ಇನ್ನೊಮ್ಮೆ ಮಡಚಿದ. ಜಲ್ಲಾಬ ನಿಲುವಂಗಿಯ, ಬೆನ್ನ ಹಿಂದೆ ನೇತಾಡುವ ಟೋಪಿಯೊಳಗೆ, ನಾಲ್ಕು ಕಿತ್ತಳೆ ಹಣ್ಣು ಆಗಲೇ ಇದ್ದ ಕಡೆ, ಅದನ್ನೂ ತುರುಕಿದ. ಬೂಶ್ತಾನನ್ನು ಬಿಟ್ಟು ಗಂಡಸರೆಲ್ಲ ಒಂದು ವ್ಯಾನ್ ಹತ್ತಿ ಹೊರಟೇಹೋದರು.

ಮಡಿಕೆ ಬಿದ್ದದ್ದು ಸರಿಯಾಗಿ ಕುದುರೆಯ ಬೆನ್ನ ಮೇಲೆ. ಹನಿಯಾಳಿಗೆ ಆ ಸದ್ದು ಕೇಳಿಸಿತ್ತು. ಅಂಗಳದಲ್ಲಿ ಹೆಂಗಸರು ಅವಳದೇ ಪುದೀನ, ಅವಳದೇ ಕೆಟಲು ಹಿಡಿದು ಚಹ ಮಾಡಿಕೊಳ್ಳುತ್ತಿದ್ದರು. ಅವಳು ಕತ್ತಲೆ ಕೋಣೆಗೆ ಹೋಗಿ ಖಾಲಿ ಕಾಗದದ ಪೆಟ್ಟಿಗೆಯೊಳಗೆ ಕೈಹಾಕಿ, ಇಲ್ಲ ಎಂದು ಗೊತ್ತಿದ್ದನ್ನು ಇನ್ನೊಮ್ಮೆ ನೋಡಿ ಬಂದಳು.

ವ್ಯಾನ್ ತಿರುಗಿ ಬಂದಾಗ ಬಿಸಿಲು ಇಳಿದಿತ್ತು. ಕುದುರೆ ಸಿಕ್ಕಿರಲಿಲ್ಲ. ಹಮ್ಮಾದಿ ಸಿಕ್ಕಿದ್ದ. ತೆಳ್ಳನೆ ಮುದುಕ, ಕೋಲನ್ನು ಊರುವುದಕ್ಕಿಂತ ಆಡಿಸುವುದಕ್ಕೇ ಹಿಡಿದವನು. ವ್ಯಾನಿನಿಂದ ಇಳಿಯುತ್ತಲೇ ಶುರು ಮಾಡಿದ.

“ಎಲ್ಲಿ ಆ ಬೂಶ್ತಾ? ಹನ್ನೆರಡು ವರ್ಷ ಕಳ್ಳ ಅನ್ನಿಸ್ಕೊಂಡೆ. ಈಗ ಕದ್ದಿಟ್ಟ ಕುದುರೆ ನನ್ನ ಲಾಯದಲ್ಲಿದೆ ಅಂತ ಮನೆ ಹುಡುಕೋಕೆ ಜನ ಕಳಿಸ್ತೀಯಾ?”

“ಕಳ್ಳನ್ನ ಕಳ್ಳ ಅನ್ನದೆ ಇಮಾಮ್ ಅನ್ಲಾ?” ಎಂದ ಬೂಶ್ತಾ. ದಿನವಿಡೀ ಸೀದಿ ಅನ್ನಿಸಿಕೊಂಡಿದ್ದವನಿಗೆ ಧೈರ್ಯ ಬಂದಿತ್ತು.

“ನಾನು ತೋರಿಸಿದ ಕುದುರೆನೇ ನಿನಗೆ ಕೊಟ್ಟದ್ದು.”

“ಫೋಟೋ ಇದೆ.”

“ತಾ.”

ಪರಲೋಕದವರೆಗೂ ಕಾಯಲು ಬೂಶ್ತಾನಿಗೆ ಪುರುಸೊತ್ತಾಗಲಿಲ್ಲ. ಟೀ ಡಬ್ಬಿ ಬಂತು. ಹೊಲಿಗೆಯನ್ನು ಹಲ್ಲಿನಿಂದ ಬಿಚ್ಚಿದ. ಬಟ್ಟೆಯೊಳಗೆ ಎಣ್ಣೆ ಕಾಗದ, ಅದರೊಳಗೆ ಹತ್ತಿ, ಹತ್ತಿಯೊಳಗೆ ಫೋಟೋ. ಅಂಚೊಂದೂ ಬಾಗಿರಲಿಲ್ಲ, ಮೂಲೆಯೊಂದೂ ಸವೆದಿರಲಿಲ್ಲ. ಆ ಮನೆಯಲ್ಲಿ ಅಷ್ಟು ಜತನದಿಂದ ಇಟ್ಟ ವಸ್ತು ಇನ್ನೊಂದಿರಲಿಲ್ಲ, ಮದುವೆಯ ರೇಷ್ಮೆಯೂ ಸೇರಿ.

ಎಲೆಯುದುರಿದ ಅಂಜೂರದ ಮರ. ಅದರ ಕೊಂಬೆಗಳ ನೆರಳು ಮೈಮೇಲೆ ಬಿದ್ದು ಬಲೆಯಂತೆ ಹರಡಿದ, ಎಳೆಯ, ಸಪೂರ ಕುದುರೆ. ಎಡಕ್ಕೆ ಮುಖ. ಹಿಂದಿನ ಎರಡೂ ಕಾಲು ಬಿಳಿ, ಮುಂದಿನ ಎಡಗಾಲು ಬಿಳಿ, ಬಲಗಾಲು ಬರಿಗಾಲು.

ಬೆನೈಸಾ ಟೋಪಿಯಿಂದ ಕಿತ್ತಳೆಯ ವಾಸನೆಯ ಮಡಿಕೆ ಬಿಚ್ಚಿ ಆ ಫೋಟೋದ ಪಕ್ಕ ಹಿಡಿದ. ಎರಡೂ ಹಣೆಗಳ ಮೇಲೆ ಒಂದೇ ಬಿಳಿ ಗುರುತು, ಕೆಟಲಿನ ಮೂತಿಯಂತೆ ಸೊಟ್ಟಗೆ. “ಎರಡೂ ಒಂದೇ ಕುದುರೆ” ಎಂದ. “ಹಂಗಾದ್ರೆ ಈ ಕುದುರೆ ಎಲ್ಲಿದೆ?”

ಆಗ ಹನಿಯಾ ತಾಮೂಳ ಸೊಂಟದ ಚೀಲದಲ್ಲಿ ಯಾವಾಗಲೂ ಇರುವ ಕಾಡಿಗೆ ಕನ್ನಡಿಯನ್ನು ಕೇಳದೆಯೇ ತೆಗೆದು, ಎರಡು ಚಿತ್ರಗಳ ಮುಂದೆ ಹಿಡಿದಳು. ಬೆಳಿಗ್ಗೆಯಿಂದ ಬಾಯಲ್ಲಿ ಹೇಳಿದ್ದನ್ನು ಕನ್ನಡಿ ಒಂದು ಗಳಿಗೆಯಲ್ಲಿ ಹೇಳಿತು. ಕನ್ನಡಿಯೊಳಗೆ ಮರ ಪೂರ್ವಕ್ಕೆ ವಾಲಿ ಕೆರೆಯಂಚಿನ ಮರವಾಯಿತು. ಬೆಟ್ಟ ಈ ಕಡೆಗೆ ಬಂತು. ಎರಡೂ ಚಿತ್ರಗಳ ಬರಿಗಾಲು ಎಡಕ್ಕೆ ಹೋಯಿತು. ಎಲ್ಲರೂ ತಿರುಗಿ ಮಸೂದನ ಹಣೆ ನೋಡಿದರು. ಕೆಟಲಿನ ಮೂತಿ ಅಲ್ಲೇ ಇತ್ತು.

ಮಸೂದ್ ಷರಾಯಿ ಅಗಿಯುತ್ತಲೇ ಇದ್ದ.

“ಅಂದ್ರೆ,” ಎಂದ ಬೂಶ್ತಾ ನಿಧಾನಕ್ಕೆ, “ನಾನು ಸ್ಟುಡಿಯೋಗೆ ಹೋಗಿ ಹುಡುಕಿದ ಕುದುರೆ...”

“ನಿನ್ನ ಲಾಯದಲ್ಲೇ ಹುಲ್ಲು ತಿಂತಿತ್ತು” ಎಂದ ಹಮ್ಮಾದಿ. ಅವನ ಕೋಲು ನೆಲಕ್ಕೆ ಊರಿತು. ಗೆದ್ದವನ ಮುಖ ಇರಲಿಲ್ಲ, ದಣಿದವನ ಮುಖ ಇತ್ತು. “ನನ್ನ ಮಗಳ ಮದುವೆಗೂ ಬರಲಿಲ್ಲ ನೀನು.”

ಬೂಶ್ತಾ ಅವನ ಹತ್ತಿರ ಹೋಗಿ ತಲೆಗೆ ಮುತ್ತಿಟ್ಟ. ಮುದುಕ ಅವನ ಭುಜ ಹಿಡಿದುಕೊಂಡ. ತಾಮೂ ತಲೆವಸ್ತ್ರದ ಅಂಚಿನಲ್ಲಿ ಮೂಗೊರೆಸಿಕೊಂಡಳು. ಅತ್ತು ಮುಗಿದ ಮೇಲೆ ಹೋಗಿ ತನ್ನ ಸಕ್ಕರೆ ಗೋಪುರವನ್ನು ಎತ್ತಿಕೊಂಡಳು. “ಇಲ್ಲದ ಕುದುರೆಗೆ ಸಕ್ಕರೆ ಯಾಕೆ” ಎಂದಳು. ಉಳಿದವರ ಸಕ್ಕರೆ ಆಗಲೇ ಚಹದಲ್ಲಿ ಕರಗಿತ್ತು.

“ಸರಿ, ತಪ್ಪು ಯಾರದು?” ಎಂದ ಬೆನೈಸಾ. ದಿನವೆಲ್ಲ ಬೆಟ್ಟ ಸುತ್ತಿದವನಿಗೆ ಯಾರನ್ನಾದರೂ ಹಿಡಿಯಲೇಬೇಕಿತ್ತು. “ಆವತ್ತು ಈ ಫೋಟೋ ತೆಗೆದದ್ದು ಯಾರು?”

“ಸೀದಿ ತಿಹಾಮಿ” ಎಂದ ಹಮ್ಮಾದಿ. “ಬಸ್ಸಿನಲ್ಲಿ ನಮ್ಮ ತೋಟಕ್ಕೆ ಬಂದಿದ್ರು. ಜೊತೆಗೆ ಚೀಲ ಹೊರೋಕೆ ಒಂದು ಹುಡುಗಿ ಇತ್ತು.”

ಫೋಟೋ ಮಗುಚಿದರು. ಬೆನ್ನಲ್ಲಿ ನೀಲಿ ಮೊಹರು ನಿನ್ನೆ ಒತ್ತಿದ ಹಾಗಿತ್ತು. ಎಲ್ಲರೂ ಹನಿಯಾಳ ಕಡೆ ನೋಡಿದರು, ಮೃದುವಾಗಿ, ಸತ್ತವರ ಮನೆಯವರನ್ನು ನೋಡುವ ಹಾಗೆ.

“ಅವರಿಗೆ ಕಣ್ಣಿಗೆ ಪೊರೆ ಬಂದಿತ್ತಲ್ಲ ಆಗ” ಎಂದಳು ತಾಮೂ. “ಪಾಪ, ಕಾಣದೆ ಮಗುಚಿದಾರೆ. ದೇವರು ಮನ್ನಿಸಲಿ.”

ಎಲ್ಲರೂ ಅಂಗೈ ಎತ್ತಿ ಸೀದಿ ತಿಹಾಮಿಯ ತಪ್ಪು ಮನ್ನಿಸೆಂದು ಫಾತಿಹಾ ಓದಿದರು. ಹನಿಯಾಳೂ ಕೈಯೆತ್ತಿದಳು.

ಅಪ್ಪನಿಗೆ ಪೊರೆ ಬಂದಿದ್ದು ನಿಜ. ಅದಕ್ಕೇ ಆ ದಿನ ಅಂಜೂರದ ಮರದ ಮುಂದೆ ಅಪ್ಪ ಬರೀ ಕೈಯಾಡಿಸುತ್ತಾ ಕುದುರೆಯನ್ನು ನಿಲ್ಲಿಸಿದ್ದರು; ಗುಂಡಿ ಒತ್ತಿದ್ದು ಚೀಲ ಹೊರುವ ಹುಡುಗಿ. ರಾತ್ರಿ ಪರದೆಯ ಹಿಂದೆ ನೆಗೆಟಿವ್ ತುಟಿಗೆ ತಾಗಿಸಿ, ಯಾವ ಮೈ ಯಾವುದು ಎಂದು ಚೆನ್ನಾಗಿ ತಿಳಿದು, ತಿಳಿದೇ ಮಗುಚಿದ್ದು ಅವಳೇ. ಟೀ ಡಬ್ಬಿಯಲ್ಲಿ ಹೊಲಿದಿಟ್ಟದ್ದು ಆ ಚಿತ್ರವೇ ಎಂದು ಅವಳಿಗೆ ಗೊತ್ತಾದದ್ದು ಇವತ್ತೇ. ಕುದುರೆ ಬಲಕ್ಕೆ ನೋಡುತ್ತಿತ್ತು, ಹಿಂದಕ್ಕೆ ಹೊರಟ ಹಾಗೆ. ಮುಂದಕ್ಕೆ ಹೊರಟರೆ ಚೆಂದ ಅನ್ನಿಸಿತ್ತು. ಪಟ್ಟಣದ ಹುಡುಗಿ. ಮೊದಲು ಕಾಲು ನೋಡುವವರ ಮನೆಗೆ ಸೇರುತ್ತೇನೆಂದು ಅವಳಿಗೆ ಹೇಗೆ ಗೊತ್ತಿರಬೇಕು?

“ಒಂದು ಲೆಕ್ಕ ಹಾಕು ಬೂಶ್ತಾ” ಎಂದ ಹಮ್ಮಾದಿ ಚಹ ಹೀರುತ್ತಾ. “ಫೋಟೋ ಸರಿ ಇದ್ದಿದ್ರೆ ನೀನು ಕುದುರೆ ತಗೋತಿರಲಿಲ್ಲ. ಸ್ಟುಡಿಯೋಗೆ ಹೋಗ್ತಿರಲಿಲ್ಲ. ಇವಳು ಸಿಗ್ತಿರಲಿಲ್ಲ. ಈಗ ಹೇಳು, ಆ ಎಡಗಾಲು ಒಳ್ಳೇದೋ ಕೆಟ್ಟದ್ದೋ?”

ಬೂಶ್ತಾ ಹೆಂಡತಿಯನ್ನು ನೋಡಿದ. ಅಗಿದು ಹರಿದ ಷರಾಯಿಯನ್ನು ನೋಡಿದ. “ಇನ್ನೂ ಲೆಕ್ಕ ಮುಗಿದಿಲ್ಲ ಹಮ್ಮಾದಿಯಣ್ಣ” ಎಂದ. ಎಲ್ಲರೂ ನಕ್ಕರು. ಹನಿಯಾಳಿಗೂ ನಗು ಬಂತು.

ಟೀಚರ್ ಹಯಾತ್ ಬಂದದ್ದು ಆ ನಗುವಿನ ನಡುವೆ. ರಸ್ತೆಯಲ್ಲಿ ಟ್ಯಾಕ್ಸಿ ಹಾರ್ನ್ ಹೊಡೆಯುತ್ತಿತ್ತು. ಹನಿಯಾ ಮಡಚಿದ ಚಿತ್ರವನ್ನು ಕೈಗೆ ಕೊಟ್ಟಳು. ಅದು ನಾಲ್ಕು ತುಂಡಾಗಲು ಒಂದೇ ಗಳಿಗೆ ಬಾಕಿ ಇತ್ತು, ಕುದುರೆಯ ಕತ್ತಿನ ಮೇಲೆ ಕಿತ್ತಳೆ ರಸ. ಟೀಚರ್ ಅದನ್ನು ಇಡಲು ಜಾಗ ನೋಡುವಾಗ ಚಹದ ಲೋಟಗಳ ನಡುವೆ ಇನ್ನೊಂದು ಚಿತ್ರ ಕಂಡಿತು. ಬಗ್ಗಿ ಎತ್ತಿಕೊಂಡಳು. ಬಹಳ ಹೊತ್ತು ನೋಡಿದಳು. ಅವಳು ಕಾಲು ನೋಡಲಿಲ್ಲ.

“ಈ ನೆರಳು...” ಎಂದಳು. “ಇದು ಮೈಮೇಲೆ ಮರ ಬೆಳೆದ ಹಾಗಿದೆ. ಇದನ್ನ ಕೊಡ್ತೀರಾ?”

“ಒಯ್ಯಿ ತಾಯಿ” ಎಂದ ಬೂಶ್ತಾ. “ನನಗಿನ್ನು ಅದರಿಂದ ಕೆಲಸ ಇಲ್ಲ.”

ಟೀಚರ್ ಪೆನ್ನು ತೆಗೆದಳು. “ಯಾರದು ಇದು? ಕೆಳಗೆ ಹೆಸರು ಬರೀಬೇಕು.”

ಹನಿಯಾಳ ನಾಲಿಗೆಯ ತುದಿಯಲ್ಲಿತ್ತು. ಎರಡೇ ಎರಡು ಅಕ್ಷರ, ‘ನಂದು’. ಅಂಗಳದ ತುಂಬ ಜನ. ಹಮ್ಮಾದಿಯ ಕೈ ಇನ್ನೂ ಬೂಶ್ತಾನ ಭುಜದ ಮೇಲಿತ್ತು. ನಂದು ಅಂದರೆ ಚಿತ್ರವೂ ನಂದು, ಮಗುಚಿದ್ದೂ ನಂದು, ಹಮ್ಮಾದಿಗೆ ಕಳ್ಳನ ಹೆಸರು ಬಂದದ್ದೂ ನಂದು. ಸತ್ತವರ ಪೊರೆಗಣ್ಣನ್ನು ಒಂದು ಫಾತಿಹಾದಲ್ಲಿ ಮನ್ನಿಸುತ್ತಾರೆ. ಬದುಕಿರುವ ಹೆಂಗಸು ಚೆಂದಕ್ಕೆ ಮಗುಚಿದೆ ಅಂದರೆ?

“ನಮ್ಮ ಮಾವನವರು” ಎಂದ ಬೂಶ್ತಾ, ಹೆಮ್ಮೆಯಿಂದ. “ಸೀದಿ ತಿಹಾಮಿ.”

ಟೀಚರ್ ಹನಿಯಾಳನ್ನೇ ನೋಡುತ್ತಿದ್ದಳು. “ಹೌದಾ?”

“ಹೌದು” ಎಂದಳು ಹನಿಯಾ. “ಅಪ್ಪ ತೆಗೆದದ್ದು.”

ಟೀಚರ್ ಬರೆದುಕೊಂಡಳು. ಟ್ಯಾಕ್ಸಿ ಹೋಯಿತು. ಬೆನೈಸಾ ಖಾಲಿ ಜಾಗಕ್ಕೆ ಬೇರೆ ಕುದುರೆ ನೋಡಲು ಎದ್ದ. ತಾಮೂ ಕನ್ನಡಿ ವಾಪಸು ಕೇಳಿ ಇಸಿದುಕೊಂಡು, ಅದರಲ್ಲಿ ತನ್ನ ಮುಖವನ್ನೊಮ್ಮೆ ಅನುಮಾನದಿಂದ ನೋಡಿಕೊಂಡು ಹೋದಳು. ಬೂಶ್ತಾ ಹಮ್ಮಾದಿಯನ್ನು ರಸ್ತೆಯವರೆಗೆ ಬಿಡಲು ಹೋದ. ಇಬ್ಬರೂ ಕೈಕೈ ಹಿಡಿದುಕೊಂಡಿದ್ದರು.

ಹನಿಯಾ ಲೋಟಗಳನ್ನು ತೊಳೆದಿಟ್ಟು ಮಸೂದನಿಗೆ ಹುಲ್ಲು ಹಾಕಿದಳು. ಅಪ್ಪನ ನೆಗೆಟಿವ್‌ಗಳ ಡಬ್ಬಿ ಕೋಣೆಯ ಅಟ್ಟದ ಮೇಲಿತ್ತು. ಎಂದೂ ಎಸೆದಿರಲಿಲ್ಲ, ಅಂಜೂರದ ಮರವೂ ಅದರಲ್ಲಿರಲೇಬೇಕು. ಮುಂದಿನ ವಾರ ಮೆಕ್ನೆಸ್‌ಗೆ ಹೋಗಬೇಕು ಅಂದುಕೊಂಡಳು. ಗೋಡೆಯ ಮೇಲಿನ ಚಿತ್ರದ ಮುಂದೆ, ಕೆಳಗೆ ಅಪ್ಪನ ಹೆಸರಿನ ಮುಂದೆ, ಯಾರೋ ಹಾದಿಹೋಕಳ ಹಾಗೆ ಸ್ವಲ್ಪ ಹೊತ್ತು ನಿಲ್ಲಬೇಕು. ಆಮೇಲೆ ಕಾಗದ ಕೊಂಡು ತರಬೇಕು. ಮೊದಲ ಹಾಳೆ ಆ ನೆಗೆಟಿವ್‌ಗೇ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಯಾರು ಕೂಗಿದರೂ ಬಾಯಿ ತೆರೆಯದೆ, ತುಟಿಗೆ ತಾಗಿಸಿ, ಮಂಕು ಮೈ ಕೆಳಗೆ ಮಾಡಿ. ಕುದುರೆ ಬಲಕ್ಕೆ ನೋಡಲಿ, ಬರಿಗಾಲು ಎಡದ್ದೇ ಇರಲಿ. ಅದರ ಕೆಳಗೆ ತನ್ನ ಹೆಸರು ಬರೆಯಬೇಕು. ಬರೆದು, ಕೋಣೆಯ ಬಾಗಿಲ ಹಿಂದೆ, ಬಾಗಿಲು ಮುಚ್ಚಿದಾಗ ಮಾತ್ರ ಕಾಣುವ ಕಡೆ ಹಾಕಬೇಕು.

“ಏನು ಯೋಚನೆ?” ಎಂದ ಬೂಶ್ತಾ, ಅಂಗಳಕ್ಕೆ ಕಾಲಿಡುತ್ತಾ.

“ಏನಿಲ್ಲ” ಎಂದಳು ಹನಿಯಾ. “ನಿಮ್ಮ ಷರಾಯಿಗೆ ತೇಪೆ ಹಾಕಬೇಕು.”